ಸತ್ತ ಫಲ

ಇಂಗ್ಲೆಂಡಿನ ಮೇರಿ ಕೇರಿಗೆ 1657ರ ಡಿಸೆಂಬರ್ 31ರಂದು ಗರ್ಭಪಾತವಾಯಿತು. ಅದಕ್ಕೆ ಮೊದಲು ಹೆತ್ತ ಏಳು ಮಕ್ಕಳಲ್ಲಿ ಉಳಿದಿದ್ದು ಎರಡೇ. ಆ ನೋವನ್ನೇ ಆಕೆ ಕವಿತೆಯಾಗಿ ಬರೆದಳು. ಹಸುಗೂಸಿನ ಸಾವಿಗೆ ಕವಿತೆ ಕಟ್ಟಿದವರುಂಟು. ಕಣ್ಣುಮೂಗು ಮೂಡದ ಪಿಂಡಕ್ಕೆ ಕಟ್ಟಿದವರು ಅಪರೂಪ. ಅದಕ್ಕೇ ಈ ಕವಿತೆ ನನಗೆ ದೊಡ್ಡದು.

ಆದರೂ ಓದುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಏಕೆ ದಂಡಿಸಿದೆ ಎಂದು ದೇವರನ್ನೇ ಕೇಳುತ್ತಾಳೆ. ಉತ್ತರವನ್ನೂ ತಾನೇ ಕೇಳಿಸಿಕೊಳ್ಳುತ್ತಾಳೆ: ನಿನ್ನ ಪ್ರಾರ್ಥನೆ ನಿರ್ಜೀವ, ನೀನು ನನಗೆ ಅರ್ಪಿಸಿದ್ದು ಸತ್ತ ಫಲ, ನಿನಗೆ ಸಿಕ್ಕಿದ್ದೂ ಅದೇ. ನಮ್ಮ ಬಾಣಂತಿಕೋಣೆಗಳಲ್ಲೂ ‘ನಾನೇನು ಪಾಪ ಮಾಡಿದ್ದೆನೋ’ ಎಂದು ಅಳುವುದು ಇದನ್ನೇ ಅಲ್ಲವೇ?

1650ರಲ್ಲಿ, ಆಗ ಉಳಿದಿದ್ದ ಒಂದೇ ಮಗು ರಾಬರ್ಟ್ ತೀರಿಕೊಂಡಾಗ ಬರೆದ ಕವಿತೆಯಲ್ಲಿ ಆಕೆ ಹೀಗಿರಲಿಲ್ಲ. ನನ್ನದೆಲ್ಲವನ್ನೂ ಕೊಟ್ಟಾಯಿತು, ಈಗ ನಿನ್ನ ಮಗನನ್ನು ನನಗೆ ಕೊಡು ಎಂದು ದೇವರೊಡನೆಯೇ ಅದಲುಬದಲಿಗೆ ನಿಂತಿದ್ದಳು. ಹೆತ್ತವಳಿಗಷ್ಟೇ ಬರುವ ಧೈರ್ಯ! ಏಳು ವರ್ಷದಲ್ಲಿ ಅದು ಎಲ್ಲಿ ಹೋಯಿತು?

ಯೋಹಾನನ ಸುವಾರ್ತೆಯಲ್ಲಿ ಒಬ್ಬ ಹುಟ್ಟುಕುರುಡನಿದ್ದಾನೆ. ಇದು ಯಾರ ಪಾಪ ಎಂದು ಶಿಷ್ಯರು ಕೇಳುತ್ತಾರೆ. ಇವನದೂ ಅಲ್ಲ, ಹೆತ್ತವರದೂ ಅಲ್ಲ ಎನ್ನುತ್ತಾನೆ ಯೇಸು. ಮೇರಿಯ ಪಕ್ಕದಲ್ಲಿ ಕೂತು ಆ ಅಧ್ಯಾಯವನ್ನು ಓದಿಹೇಳಬೇಕೆನಿಸಿತು ನನಗೆ.