ಸುಕುಮಾರಸ್ವಾಮಿಯ ಸಹನೆ

ಶಿವಕೋಟ್ಯಾಚಾರ್ಯರ ‘ವಡ್ಡಾರಾಧನೆ’ಯ 19 ಕಥೆಗಳಲ್ಲಿ ಮೊದಲನೆಯದು ಸುಕುಮಾರಸ್ವಾಮಿಯದು. ಮುನಿದರ್ಶನವಾದರೆ ಮಗನು ತಪಕ್ಕೆ ಹೋಗುವನೆಂದು ಹೆದರಿದ ತಾಯಿ ಯಶೋಭದ್ರೆ ಅವನನ್ನು ಸುಖದಲ್ಲಿಯೇ ಕಟ್ಟಿಹಾಕುತ್ತಾಳೆ. ಸಾಸಿವೆಕಾಳೂ ಒತ್ತುತ್ತಿದ್ದ ಆ ಮೈಯನ್ನು ಕಡೆಗೆ ನರಿಯೂ ಮರಿಗಳೂ ತಿನ್ನುತ್ತಿದ್ದರೂ ಮನಸ್ಸು ಕದಲುವುದಿಲ್ಲ. ಪೂರ್ವಭವಸ್ಮರಣೆಯಾದೊಡನೆ ವೈರಾಗ್ಯ ಮೂಡುವುದರಿಂದ ಅವನ ಒಳತೋಟಿ ಓದುಗನಿಗೆ ಕಾಣದು. ಇದು ಕಥೆಯ ಕೊರತೆ.

ಆದರೂ ಇದು ನೋವಿನ ಹೊಗಳಿಕೆಯಲ್ಲ. ತತ್ತ್ವಾರ್ಥಸೂತ್ರವು 22 ಪರೀಷಹಗಳನ್ನು ಸಹಿಸಬೇಕೆನ್ನುವುದು ಮಾರ್ಗದಿಂದ ಜಾರದಿರಲು, ಕರ್ಮನಿರ್ಜರೆಗಾಗಿ. ಅದು ತಾನಾಗಿ ಕೈಕೊಂಡ ವ್ರತ. ಮಗನನ್ನು ಅನಿಶ್ಚಿತತೆಯ ಗಾಳಿಯೂ ಸೋಕದಂತೆ ಬೆಳೆಸುವ ಶ್ರಾವಕನು ಯಶೋಭದ್ರೆಯ ಭಯವನ್ನೇ ಮುಂದುವರಿಸುತ್ತಾನೆ. ಹೆಬ್ಬಗೋಡಿಯ ಕಾರ್ಖಾನೆಯೊಂದರ ಯಜಮಾನನು ಕೂಲಿಯನ್ನು ತಡೆಹಿಡಿದು, ಕಷ್ಟದಿಂದಲೇ ಬೆಳವಣಿಗೆಯೆಂದು ಕಾರ್ಮಿಕನಿಗೆ ಬೋಧಿಸಿದರೆ ಅದು ಪರೀಷಹಜಯವಲ್ಲ, ಹಿಂಸೆ. ಸಹನೆಯನ್ನು ತನ್ನಿಂದ ಬೇಡಬಹುದು. ಪರರ ಮೇಲೆ ಹೇರಲಾಗದು.