ಉಳಿಯ ಏಟು ದೋಷವಲ್ಲ

ಪ್ರಾಚೀನ ರೋಮಿನ ಬೆಳ್ಳಿ ನಾಣ್ಯಕ್ಕೆ ಡಿನೇರಿಯಸ್ ಎಂದು ಹೆಸರು. ಕ್ರಿ.ಪೂ. 211ರ ಸುಮಾರಿಗೆ ಹುಟ್ಟಿದ ಈ ನಾಣ್ಯ ನಾಲ್ಕೂವರೆ ಶತಮಾನ ಚಲಾವಣೆಯಲ್ಲಿತ್ತು. ಕೋಟಿಗಟ್ಟಲೆ ಅಚ್ಚಾದ್ದರಿಂದ ಇಂದಿಗೂ ಮಾರುಕಟ್ಟೆಯಲ್ಲಿ ದೊರೆಯುತ್ತದೆ. ಇದನ್ನು ಸಂಗ್ರಹಿಸುವವರಲ್ಲಿ ಎರಡು ಬಗೆ. ಸಿಕ್ಕಿದ್ದನ್ನೆಲ್ಲ ಕೂಡಿಡುವವರು ಕೆಲವರು. ನಾಣ್ಯ ನಾಲ್ಕೇ ಇರಲಿ, ಆದರೆ ಒಂದೊಂದೂ ಟಂಕಸಾಲೆಯಿಂದ ಆಗತಾನೆ ಬಂದಂತಿರಲಿ ಎನ್ನುವವರು ಇನ್ನು ಕೆಲವರು. ಹರಾಜಿನ ಬಣ್ಣದ ಕ್ಯಾಟಲಾಗುಗಳು, ದರ್ಜೆ ನಿಗದಿ ಮಾಡುವ ಕಂಪನಿಗಳು, ಹವ್ಯಾಸಿಗಳ ಕೈಪಿಡಿಗಳು ಈ ಎರಡನೆಯ ದಾರಿಯನ್ನೇ ಮೇಲೆನ್ನುತ್ತವೆ. ಕಿತ್ತೂರು ಸೀಮೆಯಲ್ಲಿ ನಿಂತು ಆ ಮಾತನ್ನು ಒರೆಗೆ ಹಚ್ಚಿ ನೋಡುವುದು ಈ ಬರಹದ ಉದ್ದೇಶ. ಏಕೆಂದರೆ ದಖ್ಖನ್ನಿಗೂ ರೋಮಿನ ಬೆಳ್ಳಿಗೂ ಎರಡು ಸಾವಿರ ವರ್ಷದ ನಂಟಿದೆ, ಮತ್ತು ಆ ನಂಟಿನ ಸಾಕ್ಷಿಯನ್ನೇ ಈ 'ಉತ್ತಮ ದರ್ಜೆ'ಯ ಅಳತೆಗೋಲು ಹೊರಗಿಡುತ್ತಿದೆ.

ಮೊದಲು ಒಂದು ನಾಣ್ಯವನ್ನು ಹತ್ತಿರದಿಂದ ನೋಡೋಣ. ಅಗಸ್ಟಸ್ ಚಕ್ರವರ್ತಿಯ ಡಿನೇರಿಯಸ್. ತೂಕ 3.8 ಗ್ರಾಂ ಆಸುಪಾಸು, ಅಂದರೆ 2011ರ ಮಾದರಿಯ ಒಂದು ರೂಪಾಯಿ ನಾಣ್ಯದಷ್ಟೇ ಭಾರ. ಅಗಲ ಮಾತ್ರ ಅದಕ್ಕಿಂತ ಕಡಿಮೆ, ಹದಿನೆಂಟು ಹತ್ತೊಂಬತ್ತು ಮಿಲಿಮೀಟರ್. ಮುಂಬದಿಯಲ್ಲಿ ಎಲೆಗಳ ಕಿರೀಟ ತೊಟ್ಟು ಬಲಕ್ಕೆ ಮುಖ ಮಾಡಿದ ಅಗಸ್ಟಸ್. ಸುತ್ತಲಿನ ಲ್ಯಾಟಿನ್ ಬರಹ ಅವನನ್ನು ದೇವರಾದವನ ಮಗನೆಂದೂ ನಾಡಿನ ತಂದೆಯೆಂದೂ ಕರೆಯುತ್ತದೆ. ಹಿಂಬದಿಯಲ್ಲಿ ಅವನ ದತ್ತುಪುತ್ರರಾದ ಗಾಯಸ್ ಮತ್ತು ಲೂಸಿಯಸ್ ಗುರಾಣಿ, ಭರ್ಜಿಗಳ ಮೇಲೆ ಕೈಯಿಟ್ಟು ನಿಂತಿದ್ದಾರೆ. ಅವರ ನಡುವೆ ಮೇಲುಗಡೆ ಪುರೋಹಿತರ ಸೌಟು ಮತ್ತು ಡೊಂಕು ಕೋಲು. ಅಚ್ಚಾದದ್ದು ಲುಗ್ಡುನಮ್ ಟಂಕಸಾಲೆಯಲ್ಲಿ, ಅಂದರೆ ಇಂದಿನ ಫ್ರಾನ್ಸಿನ ಲಿಯಾನ್ ಊರಿನಲ್ಲಿ. ಸಿಂಹಾಸನ ಏರಬೇಕಿದ್ದ ಆ ಹುಡುಗರಿಬ್ಬರೂ ಅಗಸ್ಟಸನಿಗಿಂತ ಮೊದಲೇ ತೀರಿಕೊಂಡರು: ಲೂಸಿಯಸ್ ಕ್ರಿ.ಶ. 2ರಲ್ಲಿ, ಗಾಯಸ್ ಕ್ರಿ.ಶ. 4ರಲ್ಲಿ.

ಇಂಥ ನಾಣ್ಯ ಉತ್ತಮ ದರ್ಜೆಯದು ಎನ್ನಲು ಸಂಗ್ರಾಹಕ ಹಲವನ್ನು ನೋಡುತ್ತಾನೆ. ರಾಜನ ಕೆನ್ನೆಯ ಉಬ್ಬು ಸವೆಯದೆ ಉಳಿದಿದೆಯೇ? ಅಚ್ಚಿನ ಏಟು ನಡುವೆ ಬಿದ್ದಿದೆಯೇ? ಅಂದು ಅಚ್ಚನ್ನು ಕೈಯಲ್ಲಿ ಹಿಡಿದು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಏಟು ಕೊಂಚ ಜರುಗಿದರೂ ಬರಹದ ಒಂದು ಪಾಲು ಹೊರಗುಳಿಯುತ್ತಿತ್ತು. ಬೆಳ್ಳಿ ಬಿರುಕು ಬಿಟ್ಟಿದೆಯೇ, ಹರಳುಗಟ್ಟಿದೆಯೇ? ಮೇಲ್ಮೈಯಲ್ಲಿ ಗೀರು, ಕುಳಿ, ಕಡಿತ ಇವೆಯೇ? ಅಚ್ಚು ಕೆತ್ತಿದವನ ಕೈ ಪಳಗಿದ್ದೇ, ಒರಟೇ? ಇವನ್ನೆಲ್ಲ ತೂಗಿ ಫೈನ್, ವೆರಿ ಫೈನ್, ಎಕ್ಸ್‌ಟ್ರೀಮ್ಲಿ ಫೈನ್ ಎಂದು ದರ್ಜೆ ಕಟ್ಟುತ್ತಾರೆ. ಒಂದು ಮೆಟ್ಟಿಲು ಮೇಲೇರಿದರೆ ಬೆಲೆಯೂ ಜಿಗಿಯುತ್ತದೆ.

ಈ ಶಿಸ್ತಿನಲ್ಲಿ ಮೆಚ್ಚಬೇಕಾದದ್ದು ಬಹಳಷ್ಟಿದೆ. ಅದು ಕಣ್ಣನ್ನು ಪಳಗಿಸುತ್ತದೆ. ಒಳ್ಳೆಯ ನಾಣ್ಯ ನೂರು ನೋಡಿದವನಿಗೆ ಎರಕ ಹೊಯ್ದ ಖೋಟಾ ನಾಣ್ಯ ಥಟ್ಟನೆ ಗೊತ್ತಾಗುತ್ತದೆ: ಅಕ್ಷರಗಳ ಅಂಚು ಮೊಂಡಾಗಿರುತ್ತದೆ, ಮೇಲ್ಮೈಯಲ್ಲಿ ಗಾಳಿಗುಳ್ಳೆಯ ಸಣ್ಣ ಕುಳಿಗಳಿರುತ್ತವೆ, ಏಣಿನ ಸುತ್ತ ಬೆಸುಗೆಯ ಗೆರೆ ಕಾಣುತ್ತದೆ, ತೂಕ ತಾಳೆಯಾಗುವುದಿಲ್ಲ. ವಿದ್ವಾಂಸರಿಗೂ ಇಂಥ ಸ್ಫುಟ ನಾಣ್ಯಗಳು ಬೇಕು. ಒಂದೇ ಅಚ್ಚಿನಿಂದ ಬಂದ ನಾಣ್ಯಗಳನ್ನು ಗುರುತಿಸಿ ಜೋಡಿಸಿದರೆ ಟಂಕಸಾಲೆ ಹೇಗೆ ಕೆಲಸ ಮಾಡಿತು, ಎಷ್ಟು ಅಚ್ಚು ಬಳಸಿತು ಎಂಬುದು ತಿಳಿಯುತ್ತದೆ. ಸವೆದ ನಾಣ್ಯದಲ್ಲಿ ಅದು ಆಗದು. ಹಳೆಯ ಬೆಳ್ಳಿಯನ್ನು ಉಜ್ಜಬಾರದು ಎಂಬ ಪಾಠವನ್ನೂ ಈ ಸಂಗ್ರಾಹಕರೇ ಜಗತ್ತಿಗೆ ಕಲಿಸಿದರು. ಹಬ್ಬ ಬಂದರೆ ವಿಭೂತಿ ಹಚ್ಚಿ ಬೆಳ್ಳಿ ಸಾಮಾನು ಫಳಫಳ ಮಾಡುವ ನಮ್ಮ ಮನೆಗಳಲ್ಲಿ ಈ ಪಾಠ ಬಹಳ ಮುಖ್ಯ. ಶತಮಾನಗಳಲ್ಲಿ ಕೂತ ಕಪ್ಪು ಹೊಳಪು ಒಮ್ಮೆ ಹೋದರೆ ಮತ್ತೆ ಬಾರದು, ಅದರೊಡನೆ ಅಕ್ಷರದ ನವಿರು ಅಂಚೂ ಹೋಗುತ್ತದೆ.

ತಕರಾರು ಬರುವುದು ಇದೇ ನಾಣ್ಯ ಅರಬ್ಬೀ ಸಮುದ್ರ ದಾಟಿ ಇಲ್ಲಿಗೆ ಬಂದ ಮೇಲೆ. ಭಾರತಕ್ಕೆ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಹರಿದುಹೋಗುತ್ತಿದೆ ಎಂದು ಕ್ರಿ.ಶ. ಮೊದಲ ಶತಮಾನದ ರೋಮನ್ ಲೇಖಕ ಪ್ಲಿನಿ ದೂರಿದ್ದಾನೆ. ನಾಲ್ಕು ಸೆಸ್ಟರ್ಸಿಗೆ ಒಂದು ಡಿನೇರಿಯಸ್. ಅಂದರೆ ಒಂದೂಕಾಲು ಕೋಟಿ ಡಿನೇರಿಯಸ್. ಅವನ ಲೆಕ್ಕವನ್ನು ಅಕ್ಷರಶಃ ನಂಬಬೇಕಾಗಿಲ್ಲ, ಆದರೆ ನಮ್ಮ ನೆಲದಲ್ಲಿ ಸಿಕ್ಕ ನಿಧಿಗಳು ವ್ಯಾಪಾರದ ಗಾತ್ರಕ್ಕೆ ಸಾಕ್ಷಿಯಾಗಿವೆ. 1978ರಲ್ಲಿ ನಲ್ಗೊಂಡ ಜಿಲ್ಲೆಯ ಅಕ್ಕನಪಲ್ಲಿಯಲ್ಲಿ ಒಂದೇ ಕಡೆ 1,531 ಡಿನೇರಿಯಸ್ ದೊರೆತವು. ಭಾರತದ ಇಂಥ ನಿಧಿಗಳಲ್ಲಿ ಎರಡೇ ಮಾದರಿಗಳು ಮತ್ತೆ ಮತ್ತೆ ಕಾಣುತ್ತವೆ: ಮೇಲೆ ಹೇಳಿದ ಅಗಸ್ಟಸನ ನಾಣ್ಯ, ಮತ್ತು ಪೀಠದ ಮೇಲೆ ಕುಳಿತ ಹೆಣ್ಣಿನ ಚಿತ್ರವಿರುವ, ಚಕ್ರವರ್ತಿ ಟೈಬೀರಿಯಸನ ನಾಣ್ಯ.

ಈ ಆಯ್ಕೆಗೆ ವಿದ್ವಾಂಸರು ಕೊಡುವ ಒಂದು ಕಾರಣ ಗಮನಾರ್ಹ. ಕ್ರಿ.ಶ. 64ರಲ್ಲಿ ನೀರೋ ಚಕ್ರವರ್ತಿ ಡಿನೇರಿಯಸ್ಸಿನ ತೂಕ ಇಳಿಸಿದ, ಬೆಳ್ಳಿಗೆ ಬೆರಕೆ ಹೆಚ್ಚಿಸಿದ. ಅದಕ್ಕೆ ಮುಂಚಿನ ಅಗಸ್ಟಸ್, ಟೈಬೀರಿಯಸರ ನಾಣ್ಯ ಬಹುಪಾಲು ಶುದ್ಧ ಬೆಳ್ಳಿ. ಕೊಡುವ ಮಾಲಿಗೆ ತಕ್ಕ ಬೆಳ್ಳಿ ಬಯಸುವ ವ್ಯಾಪಾರಿ ಹಳೆಯ ನಾಣ್ಯವನ್ನೇ ಆರಿಸಿಕೊಳ್ಳುವುದು ಸಹಜ. ಹಾಗಿದ್ದರೆ ಉತ್ತಮ ದರ್ಜೆಯ ರೋಮನ್ ಬೆಳ್ಳಿಯನ್ನು ಆರಿಸಿ ಇಟ್ಟುಕೊಳ್ಳುವ ಕೆಲಸ ಈ ನಾಡಿನಲ್ಲಿ ಹತ್ತೊಂಬತ್ತು ಶತಮಾನ ಹಿಂದೆಯೇ ನಡೆದಿತ್ತು. ಆದರೆ ಆ ವ್ಯಾಪಾರಿಯ ಪರೀಕ್ಷೆಯೇ ಬೇರೆ. ಅವನಿಗೆ ಬೇಕಿದ್ದದ್ದು ಒಳಗಿನ ಲೋಹದ ಗುಣ. ತಾಮ್ರದ ಬಿಲ್ಲೆಗೆ ಬೆಳ್ಳಿಯ ತಗಡು ಹೊದಿಸಿದ ಖೋಟಾ ನಾಣ್ಯ ಆಗಲೂ ಓಡಾಡುತ್ತಿತ್ತು. ಅದನ್ನು ಪತ್ತೆ ಹಚ್ಚಲು ಉಳಿಯಿಂದ ಒಂದು ಏಟು ಕೊಟ್ಟರೆ ಸಾಕು, ಒಳಗಿನ ತಾಮ್ರ ಹೊರಗೆ ಬೀಳುತ್ತದೆ.

ಭಾರತದಲ್ಲಿ ಸಿಕ್ಕ ಹಲವು ರೋಮನ್ ನಾಣ್ಯಗಳ ಮೇಲೆ ಇಂಥ ಕಡಿತಗಳೂ ಸಣ್ಣ ಸಣ್ಣ ಮುದ್ರೆಗಳೂ ಇವೆ. 1898ರಲ್ಲಿ ಸಿಕ್ಕ ಪುದುಕೋಟೆಯ 501 ಚಿನ್ನದ ನಾಣ್ಯಗಳಲ್ಲಿ ಬಹುಪಾಲಿನ ಮೇಲೆ ರಾಜನ ಮುಖಕ್ಕೇ ಅಡ್ಡಲಾಗಿ ಕಡಿತ ಬಿದ್ದಿದೆ. ಅದು ಲೋಹದ ಪರೀಕ್ಷೆಯೋ, ಪರರಾಜನ ಮುಖವನ್ನು ಚಲಾವಣೆಯಿಂದ ತೆಗೆಯುವ ಕ್ರಮವೋ ಎಂಬ ಚರ್ಚೆ ಇನ್ನೂ ನಡೆದಿದೆ. ಯಾವುದೇ ಆಗಲಿ, ಆ ಏಟು ಹಾಕಿದ ಕೈ ಇಲ್ಲಿಯದು. ಲಿಯಾನಿನ ನಾಣ್ಯವೊಂದು ಭಾರತದ ನಾಣ್ಯವಾದ ಗಳಿಗೆ ಅದು. ಹರಾಜಿನ ಕ್ಯಾಟಲಾಗಿನಲ್ಲಿ ಮಾತ್ರ ಅದನ್ನು ದೋಷಗಳ ಸಾಲಿನಲ್ಲಿ ಸೇರಿಸುತ್ತಾರೆ, ಬೆಲೆ ಇಳಿಸುತ್ತಾರೆ. ನಮ್ಮ ಪೂರ್ವಜನ ಸಹಿಯನ್ನು ಗಾಯವೆಂದು ಲೆಕ್ಕ ಹಾಕುವ ಈ ಅಳತೆಗೋಲನ್ನು ನಾವು ಕಣ್ಣುಮುಚ್ಚಿ ಒಪ್ಪಬೇಕೇ?

ಎರಡನೆಯ ತಕರಾರು ಇದಕ್ಕಿಂತ ದೊಡ್ಡದು. ಮೇಲ್ಮೈಯ ಚೆಲುವಿಗೆ ದುಡ್ಡು ಸುರಿಯುವ ಮಾರುಕಟ್ಟೆ, ನಾಣ್ಯ ಎಲ್ಲಿ ಸಿಕ್ಕಿತು ಎಂದು ಕೇಳುವುದನ್ನೇ ಬಹುಕಾಲ ಮರೆತಿತ್ತು. ಸಿಕ್ಕ ಜಾಗಕ್ಕೆ ಎಷ್ಟು ಬೆಲೆ ಇದೆ ಎಂಬುದನ್ನು ಕರ್ನಾಟಕವೇ ತೋರಿಸಿಕೊಟ್ಟಿದೆ. 1891ರಲ್ಲಿ ಯಶವಂತಪುರದಲ್ಲಿ ರೈಲಿನ ಕೆಲಸಕ್ಕೆ ನೆಲ ಅಗೆಯುವಾಗ 163 ಡಿನೇರಿಯಸ್ ಸಿಕ್ಕವು. ಅಗಸ್ಟಸ್‌ನಿಂದ ಕ್ಲಾಡಿಯಸ್‌ವರೆಗಿನ ನಾಣ್ಯಗಳು ಅವು. ಕ್ಲಾಡಿಯಸ್ ಪಟ್ಟಕ್ಕೆ ಬಂದದ್ದು ಕ್ರಿ.ಶ. 41ರಲ್ಲಿ, ಅದಕ್ಕಿಂತ ಮೊದಲು ಆ ನಿಧಿ ನೆಲ ಸೇರಿರಲಾರದು. 1965ರಲ್ಲಿ ಬೆಂಗಳೂರಿನ ಎಚ್‌ಎಎಲ್ ಪ್ರದೇಶದಲ್ಲಿ ಇನ್ನೂ 256 ಸಿಕ್ಕವು. ಕಡಲಿನಿಂದ ಇಷ್ಟು ದೂರದ ಒಳನಾಡಿಗೆ ರೋಮಿನ ಬೆಳ್ಳಿ ಹೇಗೆ ಬಂತು ಎಂಬ ಪ್ರಶ್ನೆ ಹುಟ್ಟಿದ್ದೇ ಈ ಎರಡು ನಿಧಿಗಳ ಜಾಗ ಗೊತ್ತಿದ್ದರಿಂದ.

ಚಂದ್ರವಳ್ಳಿಯ ಉದಾಹರಣೆ ಇನ್ನೂ ಬಲವಾದದ್ದು. ಚಿತ್ರದುರ್ಗದ ಬೆಟ್ಟಗಳ ಮಗ್ಗುಲಿನ ಈ ತಾಣದಲ್ಲಿ ಮೊದಲು ಮೈಸೂರಿನ ಎಂ.ಎಚ್. ಕೃಷ್ಣ ಅಗೆಸಿದರು; 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯ ಜೊತೆಗೆ ಇಲ್ಲಿಯೂ ಉತ್ಖನನ ನಡೆಸಿದರು. ಶಾತವಾಹನರ ನಾಣ್ಯಗಳು ಸಿಗುವ ಪದರದಲ್ಲಿ ಟೈಬೀರಿಯಸನ ಡಿನೇರಿಯಸ್ ಬಂತು. ಟೈಬೀರಿಯಸ್ ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ. ಆ ಆಧಾರ ಸಿಕ್ಕ ಮೇಲೆ ಅದರ ಜೊತೆಗಿದ್ದ ಮಡಕೆ ಚೂರುಗಳಿಗೂ ಕಾಲ ಸಿಕ್ಕಿತು. ಬ್ರಹ್ಮಗಿರಿಯ ಪದರಗಳ ಕಾಲ ನಿರ್ಣಯಕ್ಕೂ ದಾರಿಯಾಯಿತು. ಅದೇ ನಾಣ್ಯವನ್ನು ಯಾರೋ ಮೊದಲೇ ಕಿತ್ತು, ತೊಳೆದು, ಮಾರಿದ್ದರೆ ಅದು ಜಗತ್ತಿನ ಸಾವಿರಾರು ಟೈಬೀರಿಯಸ್ ನಾಣ್ಯಗಳಲ್ಲಿ ಇನ್ನೊಂದಾಗುತ್ತಿತ್ತು, ಅಷ್ಟೆ. ಮಣ್ಣಿನ ಪದರದಲ್ಲಿ ಸಿಕ್ಕ ಸಾಧಾರಣ ನಾಣ್ಯವೊಂದು ದಕ್ಷಿಣ ಭಾರತದ ಇತಿಹಾಸಕ್ಕೆ ಮಾಡಿದ ಉಪಕಾರವನ್ನು, ಊರು ಗೊತ್ತಿಲ್ಲದ ನೂರು ನಿಷ್ಕಳಂಕ ನಾಣ್ಯಗಳು ಮಾಡಲಾರವು.

ಸಂಗ್ರಾಹಕರೆಲ್ಲ ಇದನ್ನು ಅರಿಯದವರು ಎಂದರೆ ಅನ್ಯಾಯವಾದೀತು. ಅರಿತ ಒಬ್ಬನ ಕಥೆ ಕಿತ್ತೂರಿನಲ್ಲಿಯೇ ಶುರುವಾಗುತ್ತದೆ. 1824ರ ಅಕ್ಟೋಬರ್ 23ರಂದು ಕಿತ್ತೂರು ಕೋಟೆಯೆದುರು ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಹತನಾದದ್ದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಅಂದು ಕಿತ್ತೂರಿನ ರಾಣಿ ಚೆನ್ನಮ್ಮನ ಸೈನ್ಯಕ್ಕೆ ಸೆರೆಸಿಕ್ಕ ಇಬ್ಬರು ಅಧಿಕಾರಿಗಳಲ್ಲಿ ಒಬ್ಬ ಇಪ್ಪತ್ತೊಂದು ವರ್ಷದ ವಾಲ್ಟರ್ ಎಲಿಯಟ್. ಬಿಡುಗಡೆಯಾದ ಮೇಲೆ ಅವನು ಈ ಸೀಮೆಯಲ್ಲೇ ವರ್ಷಗಟ್ಟಲೆ ಕೆಲಸ ಮಾಡಿದ, ಸುಮಾರು ಆರುನೂರು ಶಾಸನಗಳ ಪ್ರತಿ ತೆಗೆಸಿದ, ಕದಂಬರು ಚಾಲುಕ್ಯರಿಂದ ವಿಜಯನಗರದವರೆಗಿನ ನಾಣ್ಯಗಳನ್ನು ಸಂಗ್ರಹಿಸಿದ. ಕಣ್ಣು ಮಂಜಾದ ಇಳಿವಯಸ್ಸಿನಲ್ಲಿ, 1880ರ ದಶಕದಲ್ಲಿ, 'ಕಾಯಿನ್ಸ್ ಆಫ್ ಸದರ್ನ್ ಇಂಡಿಯಾ' ಎಂಬ ಗ್ರಂಥ ಹೊರತಂದ. ನಾಣ್ಯದ ಮೇಲಿನ ಸಿಂಹ, ವರಾಹಗಳನ್ನು ಶಾಸನದ ರಾಜರ ಪಕ್ಕದಲ್ಲಿಟ್ಟು ಓದಿದ್ದು ಅವನ ಹೆಚ್ಚುಗಾರಿಕೆ. ಅವನಿಗೆ ನಾಣ್ಯ ಒಂಟಿ ವಸ್ತುವಾಗಿರಲಿಲ್ಲ; ಕಲ್ಲು, ಊರು, ವಂಶಗಳ ಜೊತೆಗಿನ ದಾಖಲೆಯಾಗಿತ್ತು. ಹಾಗೆಂದು ಇನ್ನೊಂದು ಮಾತನ್ನು ಮರೆಯಲಾಗದು: ಆ ಸಂಗ್ರಹ ಕೊನೆಗೆ ಸೇರಿದ್ದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮನ್ನು. ವಿಜಯನಗರದ ಇತಿಹಾಸ ಬರೆದು ಕನ್ನಡಿಗರಿಗೆ ಪರಿಚಿತನಾದ ರಾಬರ್ಟ್ ಸಿವೆಲ್ ಕೂಡ 1904ರಲ್ಲಿ ಭಾರತದಲ್ಲಿ ಸಿಕ್ಕ ರೋಮನ್ ನಾಣ್ಯಗಳ ಪಟ್ಟಿ ಮಾಡಿದ. ಯಾವ ನಾಣ್ಯ ಎಲ್ಲಿ ಸಿಕ್ಕಿತು ಎಂಬುದೇ ಆ ಪಟ್ಟಿಯ ಜೀವ. ಇಂದಿಗೂ ಸಂಶೋಧಕರು ಅದನ್ನು ತಿರುವಿ ಹಾಕುವುದು ಅದಕ್ಕಾಗಿಯೇ.

ಪರದೇಶದ ನಾಣ್ಯವನ್ನು ನಮ್ಮ ಜನ ಬರೀ ಹಣವಾಗಿ ನೋಡಿದವರೂ ಅಲ್ಲ. ಮಹಾರಾಷ್ಟ್ರದ ತೇರ, ತೆಲಂಗಾಣದ ಕೊಂಡಾಪುರದಂಥ ಶಾತವಾಹನ ತಾಣಗಳಲ್ಲಿ ಟೈಬೀರಿಯಸನ ನಾಣ್ಯವನ್ನು ಹೋಲುವ ಮಣ್ಣಿನ ಪದಕಗಳು ಸಿಕ್ಕಿವೆ, ಕೊರಳಿಗೆ ಕಟ್ಟಲು ತೂತು ಅಥವಾ ಕೊಂಡಿ ಸಮೇತ. ಬೆಳ್ಳಿಗೆ ಗತಿಯಿಲ್ಲದವರೂ ರೋಮಿನ ರಾಜನ ಮುಖವನ್ನು ಆಭರಣವಾಗಿ ತೊಟ್ಟರು. ಬೆಳಗಾವಿ, ಬೈಲಹೊಂಗಲ, ಸವದತ್ತಿ ಕಡೆಯ ಮದುವೆಗಳಲ್ಲಿ ಇಂದಿಗೂ ಕಾಣುವ ಪುತಳಿ ಸರ, ಕಾಸಿನ ಸರಗಳು ಅದೇ ಅಭಿರುಚಿಯ ಮುಂದುವರಿಕೆ. ತೂತು ಬಿದ್ದ ನಾಣ್ಯವೆಂದರೆ ದರ್ಜೆ ಕಟ್ಟುವವನು ಮುಖ ಸಿಂಡರಿಸುತ್ತಾನೆ. ಆದರೆ ಆ ತೂತಿನಲ್ಲಿ ಒಬ್ಬ ಹೆಣ್ಣುಮಗಳ ಕೊರಳಿನ ಇತಿಹಾಸವಿದೆ.

ಹಾಗಾದರೆ ಈ ಹವ್ಯಾಸದ ಬಗ್ಗೆ ನನ್ನ ತೀರ್ಮಾನವೇನು? ರೋಮಿನ ಕಲೆ, ಟಂಕಸಾಲೆಯ ಕೌಶಲ ಅರಿಯಲು ಉತ್ತಮ ದರ್ಜೆಯ ನಾಣ್ಯ ಕೊಳ್ಳುವುದು ಸರಿಯಾದ ದಾರಿ. ಎಲ್ಲಿಂದ, ಯಾರ ಕೈಯಿಂದ ಬಂತೆಂಬ ಹಳೆಯ ದಾಖಲೆ ಇರುವುದನ್ನು, ಪರವಾನಗಿ ಇರುವ ವ್ಯಾಪಾರಿಯಿಂದ, ರಸೀತಿ ಸಮೇತ ಕೊಂಡರೆ ಅದು ಗೌರವದ ಹವ್ಯಾಸ. ಆದರೆ ಭಾರತದಲ್ಲಿ ಸಿಕ್ಕ ಡಿನೇರಿಯಸ್ಸಿಗೆ ಅದೇ ಅಳತೆಗೋಲು ಹಿಡಿಯುವುದು ತಪ್ಪು. ಅದರ ಗುಣವನ್ನು ಮೊದಲು ಸಿಕ್ಕ ಜಾಗದಿಂದ, ಆಮೇಲೆ ಜೊತೆಗೆ ಸಿಕ್ಕ ವಸ್ತುಗಳಿಂದ, ಆಮೇಲೆ ಮೈಮೇಲಿನ ಗುರುತುಗಳಿಂದ ಅಳೆಯಬೇಕು. ಕೆನ್ನೆಯ ಉಬ್ಬು ಸವೆದಿಲ್ಲವೆಂಬುದು ಕೊನೆಯ ಮಾತು.

ಕಾನೂನೂ ಈ ಕಡೆಗೇ ಇದೆ. ನೆಲದಲ್ಲಿ ಹೂತ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬ ನಿಯಮ 1878ರ ನಿಧಿ ಕಾಯ್ದೆಯ ಕಾಲದಿಂದ ಇದೆ. ನೂರು ವರ್ಷ ದಾಟಿದ ನಾಣ್ಯ 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ಪ್ರಾಚ್ಯವಸ್ತು. ಅದನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ಮಲಪ್ರಭೆಯ ದಂಡೆಯ ಎರೆಹೊಲಗಳಲ್ಲಿ ನೇಗಿಲು, ಜೆಸಿಬಿ ಆಡದ ದಿನವಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ರೈತರಿಗೆ, ಪಾಯ ತೋಡುವ ಕಾರ್ಮಿಕರಿಗೆ, ಅಕ್ಕಸಾಲಿಗರಿಗೆ ನನ್ನ ಮನವಿ ಇಷ್ಟೆ: ಹಳೆಯ ಗಡಿಗೆ, ನಾಣ್ಯ ಸಿಕ್ಕರೆ ತೊಳೆಯಬೇಡಿ, ಕರಗಿಸಬೇಡಿ, ಹಂಚಿಕೊಳ್ಳಬೇಡಿ. ಇದ್ದಲ್ಲೇ ಒಂದು ಫೋಟೊ ತೆಗೆಯಿರಿ, ಸರ್ವೆ ನಂಬರು ಬರೆದಿಡಿ, ತಹಶೀಲ್ದಾರ್ ಕಚೇರಿಗೆ ತಿಳಿಸಿ. ಕಿತ್ತೂರು ಕೋಟೆಯಲ್ಲಿ ವಸ್ತುಸಂಗ್ರಹಾಲಯವಿದೆ, ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆಯಿದೆ. ಈ ನೆಲದಲ್ಲಿ ಸಿಕ್ಕದ್ದನ್ನು ಓದುವ ಜನ ಈ ನೆಲದಲ್ಲೇ ಇದ್ದಾರೆ.