ತೊಳೆದುಹೋದ ಮಣ್ಣು, ಉಳಿದ ಕಪ್ಪು

ಒಂದು ಸಣ್ಣ ವಸ್ತುಸಂಗ್ರಹಾಲಯದವರು ತಮ್ಮ ಮಳಿಗೆಯಲ್ಲಿ ಮಾರಲು ನೆನಪಿನ ಕಾಣಿಕೆಯೊಂದನ್ನು ರೂಪಿಸಬೇಕೆಂದು ಹೊರಟಾಗ ಸಲಹೆಗೆ ಕರೆದವರಲ್ಲಿ ನಾನೂ ಒಬ್ಬ. ಸ್ಥಳೀಯ ಸಾಮಗ್ರಿಯಿಂದಲೇ ಮಾಡಿರಬೇಕು ಎಂಬುದು ಅವರ ಷರತ್ತು. ನಾನು ತಡಮಾಡದೆ ‘ಬಿದರಿ’ ಎಂದೆ. ಅಂದು ಸಂಜೆಯೇ ಕೀಚೈನ್ ಒಂದರ ಚಿತ್ರ ಬರೆದೆ. ತೆಳ್ಳನೆಯ ಕಪ್ಪು ಬಿಲ್ಲೆ, ಅದರ ಮೇಲೆ ಬೆಳ್ಳಿಯ ತಂತಿಯಲ್ಲಿ 1472ರ ಮಹಮೂದ್ ಗವಾನ್ ಮದರಸಾದ ಮಿನಾರು. ಇತಿಹಾಸವೂ ಬಂತು, ಕಲೆಯೂ ಬಂತು ಎಂದು ಒಳಗೊಳಗೇ ಬೀಗಿದೆ.

ಬೀದರಿನ ಕುಶಲಕರ್ಮಿಯೊಬ್ಬರಿಗೆ ಅದನ್ನು ತೋರಿಸಿದೆ. ಅವರು ಕಾಗದವನ್ನು ಪಕ್ಕಕ್ಕಿಟ್ಟು ನನ್ನ ಕೀಲಿಗೊಂಚಲು ಕೇಳಿ ತೆಗೆದುಕೊಂಡರು. ಕೀಲಿಗಳ ಮೈಮೇಲಿನ ಗೀರುಗಳ ಮೇಲೆ ಬೆರಳಾಡಿಸಿ, “ಇವುಗಳ ಜೊತೆ ನಮ್ಮ ಕಪ್ಪು ಎಷ್ಟು ದಿನ ಬಾಳುತ್ತೆ? ಇಷ್ಟು ತೆಳುವಾದರೆ ಬಿದ್ದ ಕೂಡಲೇ ಮುರಿಯುತ್ತೆ” ಎಂದರು. ನಾನು ಇತ್ತೀಚೆಗೆ ಓದಿದ ವಿಮರ್ಶೆಗಳಲ್ಲಿ ಇಷ್ಟು ಚಿಕ್ಕದೂ ಇಷ್ಟು ಖಚಿತವಾದದ್ದೂ ಇನ್ನೊಂದಿಲ್ಲ.

ಕನ್ನಡ ವಿಮರ್ಶೆಯಲ್ಲಿ ನಾವು ‘ವಸ್ತು’ ಮತ್ತು ‘ಆಕೃತಿ’ ಎಂಬ ಜೋಡಿಪದಗಳನ್ನು ಸಲೀಸಾಗಿ ಬಳಸುತ್ತೇವೆ. ಆಕೃತಿ ವಸ್ತುವಿನ ಒಳಗಿನಿಂದ ಬರಬೇಕು, ಹೊರಗಿನಿಂದ ತೊಡಿಸಿದ ಅಂಗಿಯಾಗಬಾರದು ಎಂದು ತರಗತಿಗಳಲ್ಲಿ ಹೇಳುತ್ತೇವೆ. ನನ್ನ ಕೀಚೈನ್ ಅಂಥದೇ ಒಂದು ಅಂಗಿ. ಬಿದರಿಯನ್ನು ನಾನು ಒಂದು ಬಣ್ಣವೆಂದಷ್ಟೇ ತಿಳಿದಿದ್ದೆ.

ಬಿದರಿಯ ಲೋಹದಲ್ಲಿ ಬಹುಪಾಲು ಸತು, ಜೊತೆಗೆ ಸ್ವಲ್ಪ ತಾಮ್ರ. ಎರಕ ಹೊಯ್ದು, ಅರದಿಂದ ಉಜ್ಜಿ ನಯಗೊಳಿಸಿದ ಮೇಲೆ ಮೈಲುತುತ್ತದ ದ್ರಾವಣ ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ, ಗೆರೆ ಕಾಣಬೇಕಲ್ಲ. ಚಾಣದಿಂದ ಆ ಗೆರೆಗಳನ್ನು ಕೊರೆದು, ಬೆಳ್ಳಿಯ ತಂತಿಯನ್ನೋ ತಗಡನ್ನೋ ಸುತ್ತಿಗೆಯಿಂದ ಕೂರಿಸಿ, ಮತ್ತೆ ಉಜ್ಜುತ್ತಾರೆ. ಈ ಹಂತದಲ್ಲಿ ಬೂದುಬಣ್ಣದ ಲೋಹದ ಮೇಲೆ ಬೆಳ್ಳಿ ಎದ್ದು ಕಾಣುವುದೇ ಇಲ್ಲ. ಕೊನೆಗೆ ಬೀದರ್ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ನೀರಿನಲ್ಲಿ ಕಲಸಿ, ಬಿಸಿಮಾಡಿದ ಲೋಹಕ್ಕೆ ಹಚ್ಚುತ್ತಾರೆ. ಸತು ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಉಳಿಯುತ್ತದೆ. ಮಣ್ಣು ತೊಳೆದು ಎಣ್ಣೆ ಹಚ್ಚಿದರೆ ಕಪ್ಪು ಇನ್ನಷ್ಟು ಆಳವಾಗುತ್ತದೆ.

ಇದರಲ್ಲಿ ಸ್ಥಳೀಯವಾದದ್ದು ಯಾವುದು? ಸತು ಬೀದರಿನ ನೆಲದ್ದಲ್ಲ, ತಾಮ್ರ ಅಲ್ಲ, ಬೆಳ್ಳಿ ಅಲ್ಲ. ಮಣ್ಣೊಂದೇ ಅಲ್ಲಿಯದು. ಆದರೆ ಕೊಂಡವರ ಮನೆಗೆ ಹೋಗುವ ವಸ್ತುವಿನಲ್ಲಿ ಮಣ್ಣು ಇರುವುದಿಲ್ಲ. ಅದು ತನ್ನ ಕೆಲಸ ಮುಗಿಸಿ ನೀರಿನೊಂದಿಗೆ ಹೋಗಿರುತ್ತದೆ. ಉಳಿಯುವುದು ಅದು ಮಾಡಿದ ಬದಲಾವಣೆ ಮಾತ್ರ. ಊರು ಒಂದು ಕೃತಿಯಲ್ಲಿ ಇರುವುದೂ ಹೀಗೆಯೇ ಇರಬೇಕು. ಪುಟಪುಟಕ್ಕೂ ಊರಿನ ಹೆಸರು ಹೇಳುವ ಕಾದಂಬರಿ ಆ ಊರಿನದಾಗದೆಯೂ ಇರಬಹುದು.

ಇದನ್ನು ಸಭೆಯಲ್ಲಿ ಹೇಳಿದಾಗ ಒಬ್ಬರು, “ಹಾಗಾದರೆ ಮಣ್ಣನ್ನೇ ಪುಟ್ಟ ಸೀಸೆಯಲ್ಲಿ ಹಾಕಿ ಮಾರೋಣ” ಎಂದರು. ಇನ್ನೊಬ್ಬರು ಬಿದರಿಯ ಬಳ್ಳಿಗಳನ್ನು ಕಾಫಿ ಮಗ್ಗಿನ ಮೇಲೆ ಮುದ್ರಿಸಬಹುದು ಎಂದರು. ಎರಡೂ ಒಂದೇ ತಪ್ಪಿನ ಎರಡು ಮುಖಗಳು. ಸೀಸೆಯಲ್ಲಿ ಸಾಮಗ್ರಿ ಇದೆ, ಕೆಲಸವಿಲ್ಲ. ಮಗ್ಗಿನಲ್ಲಿ ಕೆಲಸದ ಚಿತ್ರವಿದೆ, ಸಾಮಗ್ರಿಯಿಲ್ಲ. ಎರಡರಲ್ಲೂ ಕುಶಲಕರ್ಮಿ ಇಲ್ಲ.

ಹಳೆಯ ಬಿದರಿ ವಸ್ತುಗಳಲ್ಲಿ ಹುಕ್ಕಾದ ಬುಡ, ಎಲೆಅಡಿಕೆ ಡಬ್ಬಿ, ಹೂಜಿಗಳ ಜೊತೆಗೆ ‘ಮೀರ್ ಫರ್ಶ್’ ಎಂಬುದೊಂದಿದೆ. ನೆಲದ ಹಾಸು ಗಾಳಿಗೆ ಮಗುಚದಂತೆ ಮೂಲೆಗಳಲ್ಲಿ ಇಡುತ್ತಿದ್ದ ತೂಕ ಅದು. ಇದ್ದಲ್ಲೇ ಇರುವುದು, ಭಾರವಾಗಿರುವುದು: ಬಿದರಿಗೆ ಸಹಜವಾದ ಗುಣಗಳೇ ಅಲ್ಲಿ ಅದರ ಉಪಯೋಗ. ನನ್ನ ಎರಡನೆಯ ಚಿತ್ರ ಅದರಿಂದ ಹುಟ್ಟಿತು. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ, ಗುಮ್ಮಟದಾಕಾರದ ಪೇಪರ್‌ವೇಟ್. ಮೇಲೆ ಮಿನಾರಿಲ್ಲ, ಬೆಳ್ಳಿಯ ನಾಲ್ಕೇ ಗೆರೆ. ತಳಕ್ಕೆ ಮಣ್ಣು ಹಚ್ಚಬಾರದು, ಅದು ಬೂದುಬಣ್ಣದಲ್ಲೇ ಉಳಿಯಬೇಕು. ತಿರುಗಿಸಿ ನೋಡಿದವರಿಗೆ ಮಣ್ಣು ಮುಟ್ಟುವ ಮೊದಲಿನ ಲೋಹ ಕಾಣಬೇಕು.

ನಾಲ್ಕೇ ಗೆರೆ ಏಕೆಂದರೆ ಬೆಲೆ. ಇಂಥ ಕಾಣಿಕೆಗಳು ಅಗ್ಗವಾಗಿರಬೇಕೆಂದು ಎಲ್ಲರೂ ಬಯಸುತ್ತಾರೆ. ಆದರೆ ಯಾವುದನ್ನು ಕಡಿಮೆ ಮಾಡಿ ಅಗ್ಗವಾಗಿಸಬೇಕು ಎಂಬುದು ವಿನ್ಯಾಸದ ಪ್ರಶ್ನೆ, ನೀತಿಯ ಪ್ರಶ್ನೆಯೂ ಹೌದು. ಗೆರೆಗಳನ್ನು ಕಡಿಮೆ ಮಾಡಬಹುದು. ಅದೇ ಹೂಬಳ್ಳಿ ಕೊರೆಸಿ ಕೂಲಿ ಕಡಿಮೆ ಮಾಡಿದರೆ, ನಾವು ಮಾರುವುದು ಇನ್ನೊಬ್ಬರ ಕಣ್ಣು ಮತ್ತು ಬೆನ್ನನ್ನು.

ಚಿತ್ರ ನೋಡಿದ ಕುಶಲಕರ್ಮಿ ಈ ಸಲ ಕೀಲಿ ಕೇಳಲಿಲ್ಲ. “ತಳವನ್ನು ಬೋಳು ಬಿಟ್ಟರೆ ಅರ್ಧ ಮಾಡಿ ಕೊಟ್ಟಿದ್ದಾರೆ ಅಂತಾರೆ” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಆದರೂ ಒಂದು ಮಾಡಿ ನೋಡೋಣ” ಎಂದರು. ಸಮಿತಿ ಇನ್ನೂ ಒಪ್ಪಿಲ್ಲ. ಆ ಒಂದು ಮಾದರಿ ಈಗ ನನ್ನ ಮೇಜಿನ ಮೇಲಿದೆ. ಈ ಬರಹದ ಹಾಳೆಗಳು ಅದರ ಕೆಳಗಿವೆ.